ಗದ್ದುಗೆಗೊಂದು ಕಂಬಳಿ: ಸಿಂಗಟಗೆರೆಯಿಂದ ಒಂದು ಉಣ್ಣೆ ಕಥೆ

(ಈ ವಾರದ ಪಾಡ್‌ಕಾಸ್ಟ್‌ನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ. ಮೊದಲು ಈ ಸದ್ದು ಕೇಳಿ.

[ರಾಟೆ ತಿರುಗುವ ಸದ್ದು]

ಇದು ರಾಟೆ. ತಿರುಗಿಸ್ತಾ ಇರೋದು ನಮ್ಮಜ್ಜಿ. ಕಡೂರು ತಾಲ್ಲೂಕಿನ ಸಿಂಗಟಗೆರೆಯಲ್ಲಿ, ನಮ್ಮ ಮನೆ ಜಗಲಿ ಮೇಲೆ ಕೂತು ಫೋನಲ್ಲೇ ರೆಕಾರ್ಡ್ ಮಾಡಿದ್ದು. ಎಷ್ಟೋ ವರ್ಷದಿಂದ ಅಟ್ಟದ ಮೇಲೆ ಬಿದ್ದಿದ್ದ ರಾಟೆ ಇದು. ಮತ್ತೆ ಕೆಳಗಿಳಿದು ಬರೋಕೆ ಕಾರಣ ನಾನು ಮಾಡಿದ ಒಂದು ತಪ್ಪು. ಇವತ್ತು ಆ ತಪ್ಪಿನ ಕಥೆ ಹೇಳ್ತೀನಿ. ಜೊತೆಗೆ, ಕೈಯಲ್ಲಿ ನೇಯ್ದ ಕಂಬಳಿ ಹೇಗೆ ಆಗುತ್ತೆ, ಯಾಕೆ ಕಾಣೆಯಾಗ್ತಿದೆ, ನಾವು ಸೇರಿ ಮಾಡೋ ದೇವರ ಕಾರ್ಯಕ್ಕೂ ಅದಕ್ಕೂ ಏನು ನಂಟು ಅನ್ನೋದನ್ನೂ ನೋಡೋಣ.

ಪೇಗನ್ ಅಂದ್ರೆ ಯಾರು?

ನಿಮ್ಮ ರೀಲ್ಸ್‌ನಲ್ಲಿ ಬಂದಿರಬಹುದು. ಯೂರೋಪಿನ ಯಾವುದೋ ಕಾಡು, ನಡುವೆ ಬೆಂಕಿ, ಸುತ್ತ ಕೈಯಲ್ಲೇ ಹೊಲಿದ ಉಣ್ಣೆ ನಿಲುವಂಗಿ ಹಾಕ್ಕೊಂಡ ಜನ. ಕೆಳಗೆ 'ಪೇಗನ್' ಅಂತ ಹ್ಯಾಶ್‌ಟ್ಯಾಗ್. ಕ್ರೈಸ್ತ ಧರ್ಮ ಬರೋದಕ್ಕೆ ಮುಂಚೆ ತಮ್ಮ ನೆಲದಲ್ಲಿದ್ದ ಪೂಜೆ, ಹಬ್ಬಗಳನ್ನು ಮತ್ತೆ ಆಚರಿಸೋಕೆ ಹೊರಟವರು ಇವರು. ಐಸ್‌ಲ್ಯಾಂಡ್‌ನಲ್ಲಿ 1972ರಲ್ಲಿ ಇಂಥವರ ಒಂದು ಸಂಘ ಶುರುವಾಯ್ತು, 1973ರಲ್ಲಿ ಸರ್ಕಾರದ ಮಾನ್ಯತೆಯೂ ಸಿಕ್ತು. ಅದರ ಮೊದಲ ಮುಖ್ಯಸ್ಥ ಸ್ವೇನ್‌ಬ್ಯೋರ್ನ್ ಬೇನ್‌ತೇನ್ಸನ್ ವೃತ್ತಿಯಲ್ಲಿ ಕುರಿ ಸಾಕೋ ರೈತ, ಜೊತೆಗೆ ಕವಿ.

ಇದನ್ನು ಓದಿದಾಗ ನನಗೆ ನಗು ಬಂತು. ಕುರಿ, ಉಣ್ಣೆ, ಹಾಡು, ದೇವರು. ಇದೆಲ್ಲ ನಮ್ಮನೆ ಸಮಾಚಾರ ಅಲ್ವಾ? ಇನ್ನೊಂದು ವಿಷಯ ಗೊತ್ತಾ, 'ಪೇಗನ್' ಪದದ ಮೂಲ ಲ್ಯಾಟಿನ್. ಮೊದಲಿಗೆ ಅದರ ಅರ್ಥ 'ಹಳ್ಳಿಯವನು' ಅಂತ, ಅಷ್ಟೇ.

ನಾವು ಆ ಹೆಸರು ಇಟ್ಕೊಂಡಿಲ್ಲ, ಇಟ್ಕೊಳ್ಳೋ ಅಗತ್ಯವೂ ಇಲ್ಲ. ಆದ್ರೆ ಒಂದು ವ್ಯತ್ಯಾಸ ಗಮನಿಸಿ. ಅವರು ನೂರಾರು ವರ್ಷದ ಹಿಂದೆ ನಿಂತುಹೋದದ್ದನ್ನ ಹುಡುಕಿ ಜೋಡಿಸ್ಕೋತಾ ಇದ್ದಾರೆ. ನಮ್ಮಲ್ಲಿ ಇನ್ನೂ ನಿಂತಿಲ್ಲ. ನಮ್ಮ ಕಣ್ಣೆದುರಿಗೇ ನಿಲ್ಲೋ ಹಾಗಿದೆ.

ಕಂಬಳಿ ಇಲ್ಲದೆ ಗದ್ದುಗೆ ಇಲ್ಲ

ನಮ್ಮ ಮನೆದೇವರು ಮೈಲಾರಲಿಂಗ. ದೊಡ್ಡ ಕ್ಷೇತ್ರ ಹೂವಿನಹಡಗಲಿ ತಾಲ್ಲೂಕಿನ ಮೈಲಾರ. ಭರತ ಹುಣ್ಣಿಮೆ ಸಮಯದಲ್ಲಿ ಅಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯೋದನ್ನ ನೀವು ಟೀವಿಯಲ್ಲಿ ನೋಡಿರ್ತೀರ. ನಮಗೆ ಹತ್ತಿರ ಅಂದ್ರೆ ಬೀರೂರು. ಅಲ್ಲಿ ದಸರಾ ಹೊತ್ತಿಗೆ ಕಾರ್ಣಿಕ ಆಗುತ್ತೆ. ಮಳೆ ಬೆಳೆ ಏನಾಗುತ್ತೋ ಅಂತ ಕೇಳೋಕೆ ಸುತ್ತಮುತ್ತಲ ಹಳ್ಳಿಗಳ ಜನ ಸೇರ್ತಾರೆ.

ಗೊರವಯ್ಯನ ವೇಷ ನೆನಪು ಮಾಡ್ಕೊಳ್ಳಿ. ಕರಿ ಕಂಬಳಿ ನಿಲುವಂಗಿ, ಕರಡಿ ಕೂದಲಿನ ಟೊಪ್ಪಿಗೆ, ಕವಡೆ ಸರ, ಕೈಯಲ್ಲಿ ಡಮರು. ಆ ಬಟ್ಟೆ ಅಂಗಡಿಯಿಂದ ಬಂದಿದ್ದಲ್ಲ. ಕುರಿ ಮೈಯಿಂದ ಬಂದಿದ್ದು. ಬಣ್ಣ ಕೂಡ ಹಾಕಿಲ್ಲ, ಕುರಿಯದ್ದೇ ಕಪ್ಪು.

ಮನೆಯಲ್ಲಿ ಮಾಡೋ ಕಾರ್ಯಕ್ಕೆ 'ಮಣೇವು' ಅಂತೀವಿ. ಅಣ್ಣತಮ್ಮಂದಿರ ಮನೆಗಳೆಲ್ಲ ಸೇರಬೇಕು. ಅಂಗಳದಲ್ಲಿ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿಯಲ್ಲಿ ಗದ್ದುಗೆ ಬರೆದು, ತ್ರಿಶೂಲ, ದೋಣಿ, ಭಂಡಾರ ಇಡ್ತೀವಿ. ಭಂಡಾರ ಅಂದ್ರೆ ಅರಿಶಿನದ ಪುಡಿ. ದೋಣಿ ಅಂದ್ರೆ ಗೊರವರು ಹಾಲು, ತುಪ್ಪ, ಬಾಳೆಹಣ್ಣು ಹಾಕಿಸ್ಕೊಳ್ಳೋ ಪಾತ್ರೆ. 'ಏಳುಕೋಟಿ' ಅಂತ ಕೂಗು ಎದ್ದಾಗ ಚಿಕ್ಕ ಮಕ್ಕಳ ಮೈಯೂ ಜುಂ ಅನ್ನುತ್ತೆ. ಕಂಬಳಿ ಹಾಸೋವರೆಗೆ ಅದು ಬರೀ ಅಂಗಳ. ಹಾಸಿದ ಮೇಲೆ ದೇವರ ಜಾಗ. ಚಪ್ಪಲಿ ಕಾಲಲ್ಲಿ ಯಾರೂ ಹತ್ತಿರ ಸುಳಿಯಲ್ಲ.

ಕುರುಬರಲ್ಲಿ ಹಳೇ ಎರಡು ಪಂಗಡಗಳ ಹೆಸರು ಕೇಳಿದೀರಾ? ಉಣ್ಣೆ ಕಂಕಣ, ಹತ್ತಿ ಕಂಕಣ. ಮದುವೇಲಿ ಕೈಗೆ ಕಟ್ಟೋ ಕಂಕಣದ ದಾರ ಉಣ್ಣೆಯದೋ ಹತ್ತಿಯದೋ ಅನ್ನೋದರ ಮೇಲೆ ಬಂದ ಹೆಸರು. ಯಾವ ನೂಲು ಅನ್ನೋದೇ ನೀನು ಯಾರು ಅಂತ ಹೇಳ್ತಿತ್ತು.

ನಾನು ತಂದ ಕಂಬಳಿ

ಈಗ ನನ್ನ ತಪ್ಪಿಗೆ ಬರೋಣ. ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ. ಹೋದ ವರ್ಷ ಮಣೇವು ಅಂತ ಗೊತ್ತಾಯ್ತು. ಪೆಟ್ಟಿಗೆಯಲ್ಲಿದ್ದ ಹಳೇ ಕಂಬಳಿ ತೆಗೆದು ನೋಡಿದ್ರೆ ನುಸಿ ತಿಂದು ಜರಡಿಯಾಗಿದೆ. ದೊಡ್ಡಪ್ಪ ಫೋನ್ ಮಾಡಿ, "ಒಂದು ಹೊಸ ಕಂಬಳಿ ಆಗಬೇಕಲ್ಲವ್ವ" ಅಂದ್ರು. ಅದೇನು ಮಹಾ ಅಂತ ನಾನು ಆನ್‌ಲೈನಲ್ಲಿ ಹುಡುಕಿ, 'ಕೈಮಗ್ಗದ ಶುದ್ಧ ಉಣ್ಣೆ' ಅಂತ ಬರೆದಿದ್ದ ಒಂದು ಕಂಬಳಿ ತರಿಸಿದೆ. ಕಡೂರಲ್ಲಿ ರೈಲಿಳಿದು, ಬಸ್ ಹಿಡಿದು, ಊರಿಗೆ ಹೋಗಿ ಹೆಮ್ಮೆಯಿಂದ ಅಜ್ಜಿ ಮುಂದೆ ಬಿಚ್ಚಿಟ್ಟೆ.

ಅಜ್ಜಿ ಮುಟ್ಟಿದ್ರು. ಮೂಸಿದ್ರು. ಅಂಚಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದ್ರು. ಎಳೆ ಕರಗಿ, ತುದಿಯಲ್ಲಿ ಗಟ್ಟಿ ಗುಂಡು ಕೂತ್ಕೊಳ್ತು. "ಇದು ಪ್ಲಾಸ್ಟಿಕ್ ಕಣವ್ವ" ಅಂದ್ರು.

ಈ ಪರೀಕ್ಷೆ ನೀವೂ ಮಾಡಬಹುದು. ನಿಜವಾದ ಉಣ್ಣೆ ಉರಿದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿ ತೆಗೆದರೆ ತಾನೇ ಆರುತ್ತೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್, ಪಾಲಿಯೆಸ್ಟರ್ ಆದ್ರೆ ಕರಗಿ ಗಂಟಾಗುತ್ತೆ. ಒಂದೇ ಒಂದು ಎಳೆ ಸಾಕು, ಮನೆ ಸುಟ್ಕೋಬೇಡಿ.

ನಾನು, "ಹೋಗ್ಲಿ ಬಿಡಜ್ಜಿ, ದೇವರಿಗೇನು ಗೊತ್ತಾಗುತ್ತಾ?" ಅಂದೆ. ಅಜ್ಜಿ ಬೈಲಿಲ್ಲ. "ದೇವರ ಮಾತು ಹಂಗಿರಲಿ. ಸುತ್ತ ಕೂತಿರೋ ನಮಗೆ ಗೊತ್ತಾಗುತ್ತಲ್ಲ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಕುರಿ ಮೈಯಿಂದ ಮಗ್ಗದವರೆಗೆ

ಕಾರ್ಯ ಎರಡು ತಿಂಗಳು ಮುಂದಕ್ಕೆ ಹೋಯ್ತು. ನಾನು ವಾರಾಂತ್ಯಕ್ಕೆಲ್ಲ ಊರಿಗೆ ಹೋಗೋಕೆ ಶುರು ಮಾಡಿದೆ. ಒಂದು ಕಂಬಳಿ ಹೇಗೆ ಹುಟ್ಟುತ್ತೆ ಅನ್ನೋದನ್ನ ನಾನು ನೋಡಿದ್ದು ಆಗಲೇ.

ಮೊದಲು ತುಪ್ಪಟ. ಕುರಿ ಮೈಮೇಲಿನ ಉಣ್ಣೆಗೆ ನಮ್ಮಲ್ಲಿ ಹಾಗಂತಾರೆ. ಕುರಿಗಳನ್ನ ಕೆರೆಯಲ್ಲಿ ಮೀಯಿಸಿ, ಒಣಗಿದ ಮೇಲೆ ಕತ್ತರಿಸೋದು, ವರ್ಷಕ್ಕೆ ಎರಡು ಸಲ. ನಮಗೆ 11 ಕುರಿಗಳ ತುಪ್ಪಟ ಸಿಕ್ತು, ಮೂರೂವರೆ ಕಿಲೋ. ಮುಳ್ಳು, ಕಸ, ಮಣ್ಣು ತೆಗೆದು ಮತ್ತೆ ತೂಗಿದಾಗ ಮೂರು ಕಿಲೋನೂ ಇರಲಿಲ್ಲ.

ಆಮೇಲೆ ಎಕ್ಕೋದು. ಬಿಲ್ಲಿನ ನಾರಿಯನ್ನ ಉಣ್ಣೆಗೆ ತಾಗಿಸಿ ಮೀಟಿದ್ರೆ, ಗಂಟಾಗಿದ್ದದ್ದೆಲ್ಲ ಬಿಡಿಬಿಡಿಯಾಗಿ ಮೋಡದ ಥರ ಉಬ್ಬುತ್ತೆ. ಅದನ್ನ ಸುರುಳಿ ಮಾಡಿದ್ರೆ ಹಂಜಿ. ಹಂಜಿಯಿಂದ ರಾಟೆಯಲ್ಲಿ ನೂಲು. ಇದು ಹೆಂಗಸರ ಕೆಲಸ, ಮತ್ತೆ ಒಬ್ಬರೇ ಮಾಡೋ ಕೆಲಸ ಅಲ್ಲವೇ ಅಲ್ಲ. ಅಜ್ಜಿ ರಾಟೆ ಇಳಿಸಿದ ಸುದ್ದಿ ಹಬ್ಬಿ, ಎರಡನೇ ವಾರಕ್ಕೆ ಪಕ್ಕದ ಬೀದಿಯ ಮೂವರು ಅಜ್ಜಿಯಂದಿರು ಊಟ ಮುಗಿಸ್ಕೊಂಡು ಬಂದು ಕೂತ್ಕೊಂಡ್ರು. ಎಲೆ ಅಡಿಕೆ, ಯಾರ ಮನೆ ಸೊಸೆ, ಯಾರ ಕೊಬ್ಬರಿಗೆ ಎಷ್ಟು ರೇಟು, ಎಲ್ಲ ಬಂತು. ನಾನು ನೂಲೋಕೆ ಕೂತ್ರೆ ಎಳೆ ಎರಡು ನಿಮಿಷಕ್ಕೊಮ್ಮೆ ಕಡಿಯೋದು. "ಎಳೀಬೇಡ, ಬಿಡು. ಅದೇ ಬರುತ್ತೆ" ಅಂತಿದ್ರು ಅಜ್ಜಿ.

ನೇಯೋಕೆ ಊರಲ್ಲಿ ಯಾರೂ ಸಿಗಲಿಲ್ಲ. ಅಜ್ಜಂಪುರದ ಕಡೆ ಒಬ್ಬ ತಾತ ಇದ್ದಾರೆ ಅಂತ ಗೊತ್ತಾಗಿ ನೂಲು ತಗೊಂಡು ಹೋದೆ. ಮನೆಯೊಳಗೇ ಗುಂಡಿ ಮಗ್ಗ. ಕಾಲು ಗುಂಡಿಯಲ್ಲಿ, ಕೈ ಮೇಲೆ. ಉದ್ದಕ್ಕೆ ಬಿಗಿಯೋ ನೂಲು ಹಾಸು, ಅಡ್ಡಕ್ಕೆ ಲಾಳಿಯಲ್ಲಿ ಓಡೋದು ಹೊಕ್ಕು. ಹಾಸುಹೊಕ್ಕು ಅಂತ ದಿನಾ ಬರೀತೀವಲ್ಲ, ಅದು ಇದೇ. ಹಾಸಿನ ನೂಲು ಕಡಿಯದ ಹಾಗೆ ಹುಣಸೆ ಬೀಜ ಬೇಯಿಸಿ ಅರೆದ ಗಂಜಿ ಬಳೀತಾರೆ. ಹೊಸ ಕಂಬಳಿ ಒರಟಾಗಿ, ಸೆಟೆದು ನಿಲ್ಲೋದು ಇದರಿಂದಲೇ.

ಒರಟು ಅಂತ ದೂರಬೇಡಿ. 'ಕಂಬಳೀಲಿ ಉಣ್ಣೋನು ಕೂದಲಿಗೆ ಹೇಸಿದಂಗೆ' ಅಂತ ಗಾದೆ ಇದೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿದ್ರೂ ಒದ್ದೆ ಅನ್ನಿಸಲ್ಲ. ಕುರಿ ಮೈಯ ಜಿಡ್ಡು ಮಳೆ ನೀರನ್ನ ಜಾರಿಸುತ್ತೆ. ಹೊಲದಲ್ಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ಇಡೀ ದಿನ ಸೋನೆಯಲ್ಲಿ ನಿಂತವರನ್ನ ಕೇಳಿ ನೋಡಿ.

ಹಾಗಾದ್ರೆ ಯಾಕೆ ನಿಂತು ಹೋಗ್ತಿದೆ?

ಕಾರಣ ಒಂದಲ್ಲ. ಪಾಣಿಪತ್‌ನಲ್ಲಿ ಹಳೇ ಸ್ವೆಟರ್, ಕೋಟು ಹರಿದು ಮರುಬಳಕೆ ನೂಲಿನಿಂದ ಮಾಡೋ ಬ್ಲಾಂಕೆಟ್ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ಇನ್ನೊಂದು ಕಡೆ, ಕುರಿಯಿಂದ ದುಡ್ಡು ಬರೋದು ಈಗ ಮಾಂಸದಲ್ಲಿ. ಹಾಗಾಗಿ ಉಣ್ಣೆ ಕಮ್ಮಿ ಇರೋ, ಬೇಗ ತೂಕ ಬರೋ ತಳಿಗಳು ಮಂದೆಗೆ ಬಂದಿವೆ. ತುಪ್ಪಟ ಕತ್ತರಿಸೋ ಕೂಲಿಯಷ್ಟೂ ಅದನ್ನ ಮಾರಿದ್ರೆ ಹುಟ್ಟಲ್ಲ. ತರೀಕೆರೆ ಕಡೆ ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಿದ್ದ ಒಬ್ಬರು, ಕತ್ತರಿಸಿದ ಉಣ್ಣೆಯನ್ನ ಬೇಲಿ ಪಕ್ಕ ಸುರಿದಿದ್ದನ್ನ ನಾನೇ ನೋಡಿದೆ.

ಮಗ್ಗದ ತಾತ ನಾಲ್ಕು ದಿನದ ಕೆಲಸಕ್ಕೆ 2,000 ರೂಪಾಯಿ ಕೇಳಿದ್ರು. ದಿನಕ್ಕೆ 500. ಅಡಿಕೆ ತೋಟದ ಕೂಲಿ ಇದಕ್ಕಿಂತ ಜಾಸ್ತಿ. "ಮತ್ತೆ ಯಾಕೆ ತಾತ ನೇಯ್ತೀರ?" ಅಂತ ಕೇಳಿದೆ. "ಹೊದ್ಕೊಳ್ಳೋಕೆ ಅಂತ ಈಗ ಯಾರೂ ಬರಲ್ಲ ಕಣವ್ವ. ದೇವರ ಕಾರ್ಯಕ್ಕೆ, ಮದುವೆಗೆ ಅಂತ ವರ್ಷಕ್ಕೆ ಆರೇಳು ಜನ ಬರ್ತಾರೆ. ಅವರು ಬರೋದು ನಿಂತ ದಿನ ಗುಂಡಿ ಮುಚ್ಚಿಬಿಡ್ತೀನಿ" ಅಂದ್ರು.

ವಾಪಸ್ ಬರುವಾಗ ಬಸ್ಸಲ್ಲಿ ಅದೇ ಮಾತು ತಲೇಲಿ ತಿರುಗ್ತಿತ್ತು. ನಾವು ಅಂದ್ಕೊಂಡಿದ್ದು, ಕಂಬಳಿ ಇರೋದ್ರಿಂದ ಕಾರ್ಯ ನಡೆಯುತ್ತೆ ಅಂತ. ನಿಜ ಏನಂದ್ರೆ, ಜನ ಸೇರೋ ಕಾರ್ಯ ಇರೋದ್ರಿಂದಲೇ ಕಂಬಳಿ ಇನ್ನೂ ಇದೆ. ಗದ್ದುಗೆ ಮೇಲೆ ಪ್ಲಾಸ್ಟಿಕ್ ಹಾಸೋಕೆ ಒಂದು ಸಲ ಒಪ್ಪಿಬಿಟ್ರೆ, ಅಜ್ಜಂಪುರದ ಆ ಮಗ್ಗದ ಕೊನೇ ಗಿರಾಕಿಯೂ ಹೋದ ಹಾಗೆ.

ಮಣೇವು ದಿನ

ಕಂಬಳಿ ಬಂತು. ಕರಿ ಮೈ, ಎರಡೂ ಕಡೆ ಬಿಳಿ ಅಂಚು. ಒಂದು ಮೂಲೆಯಲ್ಲಿ ನೂಲು ಗಂಟುಗಂಟಾಗಿತ್ತು, ಅದು ನಾನು ನೂತಿದ್ದು. ದೊಡ್ಡಪ್ಪ ಹಾಸುವಾಗ ಆ ಮೂಲೆಯನ್ನ ನನ್ನ ಕಡೆಗೇ ತಿರುಗಿಸಿ ನಕ್ಕರು.

ಊಟ ಆದ ಮೇಲೆ ಅಣ್ಣತಮ್ಮಂದಿರೆಲ್ಲ ಕೂತಾಗ ನಾನು ತಾತನ ಮಾತು ಹೇಳಿದೆ. ಒಂದಷ್ಟು ವಾದ ಆಯ್ತು. "ಇರೋ ಕಂಬಳಿ ಇಪ್ಪತ್ತು ವರ್ಷ ಬರುತ್ತೆ, ಮತ್ಯಾಕೆ?" ಅಂದ್ರು ಒಬ್ಬರು. ಕೊನೆಗೆ, ವರ್ಷ ವರ್ಷ ಎತ್ತೋ ದೇವರ ವಂತಿಗೆಯಲ್ಲೇ ಒಂದು ಕಂಬಳಿ ನೇಯಿಸೋದು, ಆ ವರ್ಷ ಯಾರ ಮನೇಲಿ ಮದುವೆಯೋ ಅವರಿಗೆ ಕೊಡೋದು ಅಂತ ತೀರ್ಮಾನ ಆಯ್ತು. ವರ್ಷಕ್ಕೆ ಒಂದು ಕಂಬಳಿಯಿಂದ ಒಂದು ಮಗ್ಗ ಉಳಿಯಲ್ಲ, ಅದು ನನಗೂ ಗೊತ್ತು. ಆರೇಳು ಇದ್ದದ್ದು ಏಳೆಂಟು ಆಯ್ತು, ಅಷ್ಟೇ.

ನಿಮ್ಮ ಮನೆ ಪೆಟ್ಟಿಗೆ ತಳದಲ್ಲೂ ಒಂದು ಹಳೇ ಕಂಬಳಿ ಇರಬಹುದು. ಈ ವಾರ ತೆಗೆದು ಬಿಸಿಲಿಗೆ ಹಾಕಿ, ನುಸಿಗೆ ಅದೇ ಮೊದಲ ಮದ್ದು. ಹಾಗೇ ಮನೇಲಿ ಹಿರಿಯರನ್ನ ಕೇಳಿ, ಇದನ್ನ ನೇಯ್ದವರು ಯಾರು, ಎಲ್ಲಿಯವರು ಅಂತ. ಅವರು ಹೇಳೋದನ್ನ ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ.

ಮುಂದಿನ ವಾರ ಸಿಗೋಣ. ಹೋಗೋ ಮುಂಚೆ ಇನ್ನೊಂದು ಸಲ ಆ ಸದ್ದು. ಈ ಸಲ ತಿರುಗಿಸ್ತಾ ಇರೋದು ನಾನು. ನಡುನಡುವೆ ನಿಲ್ಲುತ್ತೆ, ಎಳೆ ಕಡಿದು ಹೋಗೋದ್ರಿಂದ.

[ರಾಟೆ ತಿರುಗುವ ಸದ್ದು]