ಒತ್ತಿದರೂ ಓಗೊಡದ ಬಟನ್

ಟಿ.ವಿ. ರಿಮೋಟಿನ ನಲವತ್ತು ಚಿಲ್ಲರೆ ಬಟನ್‌ಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಮೂರೋ ನಾಲ್ಕೋ: ಆನ್-ಆಫ್, ವಾಲ್ಯೂಮ್, ಚಾನೆಲ್ ಬದಲಿಸುವುದು. ಮೊದಮೊದಲು ಕೊಂಚ ಬಲವಾಗಿ ಒತ್ತಿದರೆ ಕೆಲಸ ಮಾಡುತ್ತವೆ, ಆಮೇಲೆ ಉಗುರು ಊರಿ ಒತ್ತಬೇಕಾಗುತ್ತದೆ. ಮನೆಯವರು ಸೆಲ್ ಬದಲಾಯಿಸಿ ನೋಡುತ್ತಾರೆ, ಅಂಗೈಗೆ ಬಡಿದು ನೋಡುತ್ತಾರೆ, ಕೊನೆಗೆ ‘ರಿಮೋಟ್ ಹೋಯ್ತು’ ಎಂದು ಹೊಸದು ತರುತ್ತಾರೆ. ಈ ತೀರ್ಮಾನ ಬಹಳಷ್ಟು ಸಲ ತಪ್ಪು. ಚಿಪ್, ಬೋರ್ಡು, ಮುಂತುದಿಯ ಎಲ್‌ಇಡಿ ಎಲ್ಲವೂ ಸರಿಯಾಗಿದ್ದು, ಬಟನ್ನಿನ ತಳದ ಒಂದು ಕಪ್ಪು ಬಿಲ್ಲೆ ಮಾತ್ರ ಸೋತಿರುತ್ತದೆ. ಅಷ್ಟನ್ನೇ ಸರಿಪಡಿಸಿಕೊಡುವ ಕಸುಬು ನಮ್ಮ ಊರುಗಳ ಟಿ.ವಿ. ರಿಪೇರಿ ಅಂಗಡಿಗಳಲ್ಲಿ ಇನ್ನೂ ಉಳಿದಿದೆ. ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ದುಂದುಗಾರಿಕೆ ಎಂದು ನನ್ನ ವಾದ.

ರಿಮೋಟಿನ ಕವರ್ ಬಿಚ್ಚಿದರೆ ಕಾಣುವುದು ಎರಡೇ ವಸ್ತು: ಎಲ್ಲ ಬಟನ್‌ಗಳನ್ನೂ ಒಂದೇ ಹಾಳೆಯಾಗಿ ಅಚ್ಚು ಹೊಯ್ದ ಸಿಲಿಕೋನ್ ರಬ್ಬರ್ ಪ್ಯಾಡು, ಅದರಡಿಯಲ್ಲಿ ಬೋರ್ಡು. ಪ್ರತಿ ಬಟನ್ನಿನ ತಳದಲ್ಲಿ ಕಾರ್ಬನ್ ಬೆರೆಸಿದ ರಬ್ಬರಿನ ಬಿಲ್ಲೆ ಇರುತ್ತದೆ. ಅದಕ್ಕೆ ಎದುರಾಗಿ ಬೋರ್ಡಿನ ಮೇಲೆ, ಎರಡು ಬಾಚಣಿಗೆಗಳ ಹಲ್ಲು ಒಂದರ ನಡುವೆ ಒಂದು ಹೊಕ್ಕರೂ ಪರಸ್ಪರ ಮುಟ್ಟದಂತೆ ಮೂಡಿಸಿದ ಗೆರೆಗಳು. ಬಟನ್ ಒತ್ತಿದಾಗ ಬಿಲ್ಲೆ ಗೆರೆಗಳ ಮೇಲೆ ಕೂತು ಎರಡನ್ನೂ ಕೂಡಿಸುತ್ತದೆ. ಯಾವ ಅಡ್ಡಸಾಲು ಯಾವ ಉದ್ದಸಾಲಿಗೆ ಕೂಡಿತೆಂದು ಚಿಪ್ ಗುರುತಿಸಿ, ಆ ಬಟನ್ನಿನ ಸಂಕೇತವನ್ನು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ, ಸೆಕೆಂಡಿಗೆ ಸುಮಾರು 38,000 ಸಲದ ವೇಗದಲ್ಲಿ ಮಿನುಗಿಸಿ ಟಿ.ವಿ.ಗೆ ಕಳಿಸುತ್ತದೆ. ಒಳ್ಳೆಯ ಬಿಲ್ಲೆಯನ್ನು ಮಲ್ಟಿಮೀಟರಿನಿಂದ ಅಳೆದರೆ ಕೆಲವು ನೂರು ಓಮ್ ಒಳಗೇ ಇರುತ್ತದೆ. ಸವೆದದ್ದು, ಜಿಡ್ಡು ಹಿಡಿದದ್ದು ಸಾವಿರಗಟ್ಟಲೆ ಓಮ್ ತೋರಿಸುತ್ತದೆ, ಚಿಪ್‌ಗೆ ಬಟನ್ ಒತ್ತಿದ್ದೇ ತಿಳಿಯುವುದಿಲ್ಲ. ಬಲವಾಗಿ ಒತ್ತಿದಾಗ ಬಿಲ್ಲೆ ಇನ್ನಷ್ಟು ಅಗಲವಾಗಿ ಅಂಟಿಕೊಳ್ಳುವುದರಿಂದ ಸ್ವಲ್ಪ ದಿನ ಕೆಲಸ ನಡೆಯುತ್ತದೆ. ಆದರೆ ಹಾಗೆ ಒತ್ತುವುದರಿಂದ ಸವೆತ ಮತ್ತಷ್ಟು ಬೇಗ ಆಗುತ್ತದೆ.

ಜಿಡ್ಡು ಎಲ್ಲಿಂದ ಬರುತ್ತದೆ ಎಂಬುದೂ ತಿಳಿಯಬೇಕಾದ ಸಂಗತಿ. ಕೈಯ ಬೆವರು, ಊಟದ ಎಣ್ಣೆ, ಚೆಲ್ಲಿದ ಕಾಫಿ ಒಂದು ಪಾಲು. ಇನ್ನೊಂದು ಪಾಲು ಆ ಸಿಲಿಕೋನ್ ರಬ್ಬರಿನದ್ದೇ. ವರ್ಷಗಳು ಕಳೆದಂತೆ ಅದರೊಳಗಿಂದ ತೆಳುವಾದ ಎಣ್ಣೆ ಜಿನುಗಿ ಬೋರ್ಡಿನ ಮೇಲೆ ಹರಡುತ್ತದೆ. ಕೊಂಡ ದಿನವೇ ಪ್ಲಾಸ್ಟಿಕ್ ಕವರ್ ಹಾಕಿ ಜೋಪಾನ ಮಾಡಿದ ರಿಮೋಟನ್ನು ಬಿಚ್ಚಿದಾಗಲೂ ಬೋರ್ಡು ಅಂಟಂಟಾಗಿ ಕಾಣುವುದು ಇದರಿಂದ. ಹಾಗಾಗಿ ರಿಪೇರಿ ಎಂದರೆ ಎಷ್ಟೋ ಸಲ ಬರೀ ತೊಳೆಯುವುದು.

ಕಸುಬು ಬಲ್ಲವರು ತೊಳೆಯುವ ಮೊದಲು ಪರೀಕ್ಷೆ ಮಾಡುತ್ತಾರೆ. ಮೊಬೈಲ್ ಕ್ಯಾಮೆರಾದ ಮುಂದೆ ರಿಮೋಟ್ ಹಿಡಿದು ಬಟನ್ ಒತ್ತಿದರೆ ಎಲ್‌ಇಡಿ ನಸುನೇರಳೆಯಾಗಿ ಮಿನುಗುವುದು ಪರದೆಯಲ್ಲಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಬೇಕು. ಒಂದು ಬಟನ್ನಿಗೆ ಮಿನುಗಿ ಇನ್ನೊಂದಕ್ಕೆ ಮಿನುಗದಿದ್ದರೆ ದೋಷ ಬಟನ್ನಿನದು ಎಂದು ಅಲ್ಲಿಗೇ ಖಚಿತ. ಯಾವ ಬಟನ್ನಿಗೂ ಮಿನುಗದಿದ್ದರೆ ಸೆಲ್ಲಿನ ಸ್ಪ್ರಿಂಗು ತುಕ್ಕು ಹಿಡಿದಿದೆಯೇ, ಸಾಲ್ಡರ್ ಬಿಟ್ಟಿದೆಯೇ ಎಂದು ಹುಡುಕಬೇಕು. ಬಿಚ್ಚುವಾಗ ಸೆಲ್ ಗೂಡಿನಲ್ಲಿ ಅಡಗಿರುವ ಸ್ಕ್ರೂ ತೆಗೆದು, ಅಂಚಿನ ಸಂದಿಯಲ್ಲಿ ತೆಳು ಪ್ಲಾಸ್ಟಿಕ್ ಪಟ್ಟಿ ಓಡಿಸಿ ಕ್ಲಿಪ್‌ಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ರಬ್ಬರ್ ಪ್ಯಾಡನ್ನು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸುತ್ತಾರೆ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸುತ್ತಾರೆ. ಉಪ್ಪುಕಾಗದ ಹಾಕಿ ಉಜ್ಜುವುದು ಆತುರಗಾರರ ಕೆಲಸ. ಬೋರ್ಡಿನ ಗೆರೆಗಳ ಮೇಲಿರುವ ಕಾರ್ಬನ್ ಲೇಪ ಕಿತ್ತುಹೋದರೆ ಮುಂದೆ ಮಾಡುವುದೇನೂ ಉಳಿಯುವುದಿಲ್ಲ. ಪೆಟ್ರೋಲು, ಥಿನ್ನರ್ ರಬ್ಬರನ್ನು ಉಬ್ಬಿಸುತ್ತವೆ.

ತೊಳೆದರೂ ಸರಿಹೋಗದ ಬಟನ್ನಿನಲ್ಲಿ ಬಿಲ್ಲೆಯ ಕಾರ್ಬನ್ನೇ ಸವೆದಿರುತ್ತದೆ. ಇಲ್ಲಿ ಅಡ್ಡದಾರಿಗಳು ಹಲವು. ಪೆನ್ಸಿಲಿನ ಸೀಸವನ್ನು ಉಜ್ಜಿದರೆ ತಕ್ಷಣಕ್ಕೆ ಕೆಲಸ ಮಾಡುತ್ತದೆ, ಆದರೆ ಬಾಳಿಕೆ ಬರುವುದಿಲ್ಲ. ಅಲ್ಯೂಮಿನಿಯಂ ಹಾಳೆಯ ಚೂರನ್ನು ಅಂಟಿಸಿದರೆ ಕರೆಂಟು ಚೆನ್ನಾಗಿ ಹರಿಯುತ್ತದೆ. ಆದರೆ ಹಾಳೆ ಗೆರೆಗಳನ್ನು ಗೀಚುತ್ತದೆ, ಕೆಲ ದಿನಕ್ಕೆ ಕಳಚಿಕೊಳ್ಳುತ್ತದೆ. ಸಿಲಿಕೋನಿಗೆ ಫೆವಿಕ್ವಿಕ್ಕಿನಂಥ ಅಂಟು ಹಿಡಿಯುವುದೇ ಇಲ್ಲ. ಬಾಳಿಕೆ ಬರುವ ದಾರಿ ಎರಡು: ಕರೆಂಟು ಹರಿಯುವ ಕಾರ್ಬನ್ ಬಣ್ಣ ಬಳಿಯುವುದು, ಅಥವಾ ಹೊಸ ಬಿಲ್ಲೆ ಕೂರಿಸುವುದು. ಎರಡನೆಯದರಲ್ಲಿ ಒಂದು ಜಾಣ ಉಪಾಯವಿದೆ. ಅದೇ ರಿಮೋಟಿನ ಕೆಂಪು, ಹಸಿರು, ಹಳದಿ, ನೀಲಿ ಬಟನ್‌ಗಳನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಒತ್ತಿಯೇ ಇರುವುದಿಲ್ಲ. ಅವುಗಳ ತಳದಿಂದ ಬಿಲ್ಲೆಯನ್ನು ಬ್ಲೇಡಿನಿಂದ ತೆಳುವಾಗಿ ಕತ್ತರಿಸಿ, ವಾಲ್ಯೂಮ್ ಬಟನ್ನಿನ ತಳಕ್ಕೆ ಸಿಲಿಕೋನ್ ಅಂಟಿನ ಒಂದು ಹನಿಯಿಂದ ಕೂರಿಸುತ್ತಾರೆ. ಅಂಟು ಪೂರ್ತಿ ಒಣಗುವವರೆಗೆ ಕವರ್ ಮುಚ್ಚಬಾರದು. ವಿನಿಗರಿನಂತೆ ವಾಸನೆ ಬರುವ ಸಿಲಿಕೋನ್ ಅಂಟಿನಿಂದ ಹೊರಡುವ ಆಮ್ಲದ ಆವಿ ತಾಮ್ರವನ್ನು ಕೆಡಿಸುತ್ತದೆ.

ಇಷ್ಟೆಲ್ಲ ಯಾಕೆ, ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದರೆ ನೂರು-ಇನ್ನೂರು ರೂಪಾಯಿಗೆ ಡೂಪ್ಲಿಕೇಟ್ ರಿಮೋಟ್ ಸಿಗುತ್ತದಲ್ಲ ಎಂಬ ಪ್ರಶ್ನೆ ಸಹಜ. ರಿಪೇರಿಯವರ ಕೂಲಿಯೂ ಹೆಚ್ಚುಕಡಿಮೆ ಅಷ್ಟೇ ಆಗಬಹುದು ಎಂಬುದೂ ನಿಜ. ಆದರೆ ಈ ಲೆಕ್ಕ ಎಲ್ಲರ ಮನೆಯ ಟಿ.ವಿ.ಗೂ ಸಿಗುವ ಮಾದರಿಗೆ ಮಾತ್ರ ಹೊಂದುತ್ತದೆ. ಹತ್ತು ಹನ್ನೆರಡು ವರ್ಷದ ಹಳೆಯ ಎ.ಸಿ., ನಿಂತುಹೋದ ಕಂಪನಿಯ ಮ್ಯೂಸಿಕ್ ಸಿಸ್ಟಂ, ಕ್ಯಾಮೆರಾ ಇಂಥವಕ್ಕೆ ಬದಲಿ ಸಿಗುವುದು ಕಷ್ಟ. ಸಿಕ್ಕ ಡೂಪ್ಲಿಕೇಟಿನಲ್ಲೂ ಕೆಲವು ಬಟನ್‌ಗಳಿಗೆ ಸಂಕೇತವೇ ಇರುವುದಿಲ್ಲ, ಜಾಗ ಬೇರೆ ಇರುತ್ತದೆ. ಕಣ್ಣು ಮಂಜಾದ ಹಿರಿಯರು ಬಟನ್ನನ್ನು ಓದುವುದಿಲ್ಲ, ಬೆರಳಿನಿಂದ ತಡವಿ ಗುರುತಿಸುತ್ತಾರೆ. ಹೊಸ ರಿಮೋಟ್ ಕೈಗೆ ಕೊಟ್ಟರೆ ಅವರು ಪ್ರತಿ ಸಲವೂ ಮೊಮ್ಮಕ್ಕಳನ್ನು ಕೂಗಬೇಕು. ಮೊಬೈಲ್ ಆ್ಯಪ್ ಇದೆಯಲ್ಲ ಎನ್ನುವವರು ಆ ಫೋನಿನಲ್ಲಿ ಅವಕೆಂಪು ಎಲ್‌ಇಡಿ ಇರಬೇಕು, ಇಲ್ಲವೇ ಟಿ.ವಿ. ವೈಫೈಗೆ ಕೂಡಿರಬೇಕು ಎಂಬುದನ್ನು ಮರೆಯುತ್ತಾರೆ.

ಎಲ್ಲವನ್ನೂ ರಿಪೇರಿ ಮಾಡಬಹುದು ಎಂದು ನಾನು ಹೇಳುತ್ತಿಲ್ಲ. ಮೈಕ್ರೋವೇವ್ ಓವನ್ನಿನ ಚಪ್ಪಟೆ ಬಟನ್‌ಗಳು ರಬ್ಬರಿನವಲ್ಲ. ಬೆಳ್ಳಿ ಶಾಯಿಯ ಗೆರೆ ಮುದ್ರಿಸಿದ ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದವು. ಬಿಡಿಸಲು ಹೋದರೆ ಹರಿಯುತ್ತವೆ, ಇಡೀ ಹಾಳೆಯನ್ನೇ ಬದಲಿಸಬೇಕು. ಓವನ್ನಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಆದ್ದರಿಂದ ಅದನ್ನು ಮನೆಯಲ್ಲಿ ಬಿಚ್ಚಲೇಬಾರದು. ಎರಡು ಸೆಲ್ಲಿನ ರಿಮೋಟಿನಲ್ಲಿ ಇಂಥ ಅಪಾಯವಿಲ್ಲ, ಶಾಲೆಯ ಮಕ್ಕಳೂ ಬಿಚ್ಚಿ ಕಲಿಯಬಹುದು.

ಒಂದು ರಿಮೋಟ್ ಉಳಿಸಿದರೆ ಜಗತ್ತಿನ ಕಸ ಎಷ್ಟು ಕಡಿಮೆಯಾದೀತು ಎಂದು ಕೇಳುವವರಿಗೆ ಒಂದು ಅಂಕಿ: ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇ 22.3ರಷ್ಟಕ್ಕೆ ಮಾತ್ರ. ದೊಡ್ಡ ಟಿ.ವಿ., ಫ್ರಿಜ್ಜು ಗುಜರಿಯವರ ಕೈಗಾದರೂ ಸೇರುತ್ತವೆ. ರಿಮೋಟು, ಕ್ಯಾಲ್ಕುಲೇಟರುಗಳಂಥ ಸಣ್ಣ ವಸ್ತುಗಳು ಮನೆಯ ಕಸದಲ್ಲೇ ಸಲೀಸಾಗಿ ಬೆರೆತುಹೋಗುತ್ತವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಗೃಹೋಪಯೋಗಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ರಬ್ಬರ್ ಪ್ಯಾಡು ಅಚ್ಚಿನಲ್ಲಿ ಹೊಯ್ದ ಒಂದು ಹಾಳೆ, ಅದನ್ನು ಬೇರೆಯಾಗಿ ಮಾರಲು ಕಂಪನಿಗಳಿಗೆ ತಾಂತ್ರಿಕ ಅಡ್ಡಿ ಯಾವುದೂ ಇಲ್ಲ. ಪ್ರತಿ ಮಾದರಿಯ ಪ್ಯಾಡನ್ನೂ ಬಿಡಿಭಾಗವೆಂದು ಪಟ್ಟಿ ಮಾಡಿ ಮಾರಬೇಕು, ಕ್ಲಿಪ್ಪಿನ ಜಾಗದಲ್ಲಿ ಸ್ಕ್ರೂ ಹಾಕಬೇಕು ಎಂದು ಗ್ರಾಹಕರು ಪಟ್ಟು ಹಿಡಿದು ಕೇಳಬೇಕು. ಅಲ್ಲಿಯವರೆಗೆ, ಬಟನ್ ಕೈಕೊಟ್ಟ ರಿಮೋಟನ್ನು ಕಸಕ್ಕೆ ಹಾಕುವ ಮುಂಚೆ ನಿಮ್ಮ ಬೀದಿಯ ಟಿ.ವಿ. ರಿಪೇರಿ ಅಂಗಡಿಯಲ್ಲಿ ಒಮ್ಮೆ ತೋರಿಸಿ.