ಒಂದು ಗುಂಟೆಗೆ ಎಷ್ಟು ಅಡಿಕೆ ಮರ?

ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಡಿಕೆ ಸಸಿಗಳ ನಡುವೆ ಸಾಮಾನ್ಯವಾಗಿ ಬಿಡುವ ಅಂತರ 9 ಅಡಿ. ಹಾಗಾದರೆ ಗುಂಟೆಗೆ ಎಷ್ಟು ಸಸಿ ಬೇಕು? ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವ ಹೈಸ್ಕೂಲಿನಲ್ಲಾದರೂ ಕೇಳಿ ನೋಡಬಹುದಾದ ಪ್ರಶ್ನೆ ಇದು. 1089ನ್ನು 81ರಿಂದ ಭಾಗಿಸಿದವರಿಗೆ ಹದಿಮೂರು ಚಿಲ್ಲರೆ ಸಿಗುತ್ತದೆ. ಬೇಲಿಗೆ ಒತ್ತಿಯೇ ಮೊದಲ ಸಾಲು ಹಾಕಿದವರಿಗೆ 16. ಅಂಚಿನಲ್ಲಿ ನಾಲ್ಕೂವರೆ ಅಡಿ ಬಿಟ್ಟೇ ನೆಡಬೇಕು ಎನ್ನುವವರಿಗೆ ಬರೀ 9. ಮೂವರ ಲೆಕ್ಕವೂ ಸರಿಯೇ. ಜಾಗ ಎಕರೆಯಷ್ಟಾದರೆ ಅಂಚಿನ ತಕರಾರು ಸಣ್ಣದಾಗಿ, ಉತ್ತರ 537ರ ಆಸುಪಾಸಿಗೆ ಬರುತ್ತದೆ. ಚೌಕದ ಬದಲು ಸಮಬಾಹು ತ್ರಿಭುಜದ ಮೂಲೆಗಳಲ್ಲಿ ನೆಟ್ಟರೆ ಅದೇ ಎಕರೆಗೆ 620 ಹಿಡಿಸುತ್ತವೆ. ಪುಸ್ತಕದಲ್ಲಿ ಸುಮ್ಮನೆ ಕೂತಿದ್ದ ವರ್ಗಮೂಲ 3 ಈಗ ತೋಟಕ್ಕಿಳಿಯಿತು. ಬಸಿಗಾಲುವೆಗೆ ಜಾಗ ಬಿಡಬೇಕಲ್ಲ ಎಂದು ತೋಟದ ಮನೆಯ ಹುಡುಗಿಯೊಬ್ಬಳು ಎದ್ದು ನಿಂತರೆ ಲೆಕ್ಕ ಮತ್ತೆ ಮೊದಲಿಂದ.

ಇಂಥ ಪ್ರಶ್ನೆಯೂ ಒಂದು ಕಲಿಕೋಪಕರಣವೇ. ಆದರೆ ಗಣಿತದ ಟಿಎಲ್‌ಎಂ (ಬೋಧನೆ-ಕಲಿಕೆಯ ಸಾಮಗ್ರಿ) ಎಂದರೆ ಥರ್ಮೋಕೋಲಿನ ಮೇಲೆ ಬಣ್ಣದ ಕಾಗದ ಅಂಟಿಸಿದ್ದು, ಮೇಳ ಮುಗಿದ ಮೇಲೆ ಬೀರುವಿನ ತಲೆಯ ಮೇಲೆ ಧೂಳು ಹಿಡಿಯುವಂಥದ್ದು ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. ಇನ್ನೊಂದು ಸುಲಭದ ದಾರಿಯೂ ಇದೆ: ಮಾವಿನಹಣ್ಣು ಎಂದಿದ್ದಲ್ಲಿ ಅಡಿಕೆ ಎಂದು ಬರೆದು, ಸ್ಥಳೀಯವಾಯಿತು ಎನ್ನುವುದು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಅಡಿಕೆಯನ್ನು ತೆಗೆದರೆ ಲೆಕ್ಕವೇ ಬಿದ್ದುಹೋಗಬೇಕು. ಆಗ ಮಾತ್ರ ಅದು ಈ ಊರಿನ ಲೆಕ್ಕ.

ಶಿಕ್ಷಕರೇ ಇಂಥವನ್ನು ಬರೆದು, ಬೇರೆಯವರು ತಿದ್ದಿ ಬಳಸಲಿ ಎಂದು ಬಿಡುವುದು ಕರ್ನಾಟಕಕ್ಕೆ ಹೊಸದಲ್ಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು, ಅದರ ಜೊತೆಗೇ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಕಣಜ ಮಾಡಿದ್ದು ಅದನ್ನೇ. ಗಣಿತದ ಮೇಷ್ಟ್ರುಗಳ ಕೈಗೆ ಅಲ್ಲಿ ಸಿಕ್ಕಿದ್ದು ಜಿಯೋಜೀಬ್ರಾ. ಆಸ್ಟ್ರಿಯದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ ಈ ತಂತ್ರಾಂಶ ಶಾಲೆಗಳಿಗೆ ಉಚಿತ. ಸ್ಲೈಡರ್ ಎಳೆದು ಅಂತರವನ್ನು 9ರಿಂದ 8ಕ್ಕೆ ಇಳಿಸಿದರೆ ಮರಗಳು ಎಷ್ಟು ಏರುತ್ತವೆ ಎಂಬುದು ಪರದೆಯ ಮೇಲೇ ಕಾಣುತ್ತದೆ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಸೀಮೆ ಇದು, ಗ್ರಾಫ್ ಹಾಳೆಯೂ ಚೀಲದಲ್ಲಿರಲಿ.

ತ್ರಿಕೋನಮಿತಿಗೆ ಮರದ ನೆರಳು ಅಳೆಯಿರಿ ಎನ್ನುವ ಚಟುವಟಿಕೆ ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ನಡೆಯುವುದಿಲ್ಲ. ಬಿಸಿಲೆಲ್ಲಿದೆ? ಕೋನಮಾಪಕಕ್ಕೆ ಸ್ಟ್ರಾ ಅಂಟಿಸಿ, ದಾರಕ್ಕೊಂದು ಕಲ್ಲು ಕಟ್ಟಿದರೆ ಮೋಡದಡಿಯಲ್ಲೂ ಎತ್ತರ ಸಿಗುತ್ತದೆ. ಮಳೆಯೇ ಪಾಠವಾದರೆ ಇನ್ನೂ ಒಳ್ಳೆಯದು. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. 10 ಮೀಟರ್ ಉದ್ದ, 8 ಮೀಟರ್ ಅಗಲದ ಜಾಗವನ್ನು ಮುಚ್ಚುವ ಮಾಡಿನ ಮೇಲೆ ವರ್ಷಕ್ಕೆ 5,60,000 ಲೀಟರ್! ಮಾಡು 30 ಡಿಗ್ರಿ ಇಳಿಜಾರಾದರೆ ಹೆಂಚು ಹೊದಿಸಲು 92 ಚದರ ಮೀಟರ್ ಬೇಕು. ಮಳೆಗೆ ಮಾತ್ರ ಲೆಕ್ಕ 80ರದ್ದೇ. ಏಕೆ ಎಂದು ಮಕ್ಕಳೇ ಜಗಳವಾಡಲಿ. ಕೊಸೈನ್ ಹುಟ್ಟುವ ಜಾಗ ಅದು.

ಸಾಗರ, ಹೊಸನಗರದ ಮಕ್ಕಳಿಗೆ ಲಿಂಗನಮಕ್ಕಿ ಜಲಾಶಯ ಇದೆ. ಗರಿಷ್ಠ ಮಟ್ಟ 1819 ಅಡಿ. ಜೂನ್‌ನಿಂದ ಪತ್ರಿಕೆಯಲ್ಲಿ ಬರುವ ಮಟ್ಟವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತಾ ಹೋದರೆ ಗೆರೆ ನೇರವಾಗಿ ಬರುವುದಿಲ್ಲ. ಒಳಹರಿವು ಅಷ್ಟೇ ಇದ್ದರೂ ನೀರು ಮೇಲೇರಿದಂತೆ ಒಂದೊಂದು ಅಡಿಗೂ ಹೆಚ್ಚು ದಿನ ಹಿಡಿಯುತ್ತದೆ, ಏಕೆಂದರೆ ಕೆಳಗಿನ ಅಡಿಗಿಂತ ಮೇಲಿನ ಅಡಿ ಅಗಲ. ಶಂಕುವಿನ ಭಿನ್ನಕದ ಘನಫಲಕ್ಕೆ ಇದಕ್ಕಿಂತ ದೊಡ್ಡ ಮಾದರಿಯನ್ನು ಯಾವ ಶಾಲೆಯೂ ಕೊಳ್ಳಲಾರದು. ಹಿನ್ನೀರು ಗದ್ದೆಯ ಕಡೆಗೆ ಹೇಗೆ ಚಾಚಿಕೊಳ್ಳುತ್ತದೆ ಎಂದು ಕಂಡ ಹೊಸನಗರದ ಮಕ್ಕಳಿಗೆ ಈ ಗೆರೆ ಏಕೆ ಬಾಗಿತು ಎಂದು ಮೇಷ್ಟ್ರು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.