ಸಂಕುಚಿತ ಬೇಸಿಕ್ ಪ್ರೋಗ್ರಾಂಗಳ ಮರುವಿನ್ಯಾಸ

ಸಂಕುಚಿತ ಬೇಸಿಕ್ ಪ್ರೋಗ್ರಾಂಗಳ ಮರುವಿನ್ಯಾಸವೆಂದರೆ, ಹಳೆಯ ಗೃಹಬಳಕೆಯ ಕಂಪ್ಯೂಟರುಗಳಿಗಾಗಿ ಬೇಸಿಕ್ ಭಾಷೆಯಲ್ಲಿ ಒತ್ತೊತ್ತಾಗಿ ಬರೆಯಲಾದ ಪ್ರೋಗ್ರಾಂಗಳನ್ನು, ಅವುಗಳ ಅರ್ಥ ಕೆಡದಂತೆ, ಓದಲು ಅನುಕೂಲವಾಗುವ ರೂಪಕ್ಕೆ ತರುವ ಕ್ರಿಯೆ. ಬೇಸಿಕ್ ಭಾಷೆಯನ್ನು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ರೂಪಿಸಿದರು. ಆರಂಭಿಕರಿಗೂ ಸುಲಭವಾಗಿರಲೆಂದು ಹುಟ್ಟಿದ ಈ ಭಾಷೆ ಓದಲಾಗದ ಸ್ಥಿತಿಗೆ ಬಂದದ್ದು 1970 ಮತ್ತು 80ರ ದಶಕಗಳ ಸಣ್ಣ ಯಂತ್ರಗಳ ಇಕ್ಕಟ್ಟಿನಿಂದ.

ಸಂಕೋಚನದ ಕಾರಣಗಳು

ಕಮೊಡೋರ್ ವಿಕ್-20 ಯಂತ್ರದಲ್ಲಿ ಬೇಸಿಕ್ ಪ್ರೋಗ್ರಾಂಗೆ ದೊರೆಯುತ್ತಿದ್ದ ಸ್ಥಳ 3583 ಬೈಟ್‌ಗಳು ಮಾತ್ರ. ಕಮೊಡೋರ್ 64ರಲ್ಲಿ 38911 ಬೈಟ್‌ಗಳು. ‘ಪ್ರಿಂಟ್’, ‘ಗೋಟು’ ಮೊದಲಾದ ಕೀಲಿಪದಗಳನ್ನು ಈ ಯಂತ್ರಗಳು ಒಂದೊಂದು ಬೈಟ್‌ನ ಸಂಕೇತವಾಗಿ ಮಾರ್ಪಡಿಸಿ ಇಡುತ್ತಿದ್ದವು. ಆದರೆ ಪದಗಳ ನಡುವಿನ ಪ್ರತಿಯೊಂದು ಖಾಲಿ ಜಾಗವೂ ಒಂದು ಬೈಟ್ ನುಂಗುತ್ತಿತ್ತು. ಪ್ರತಿಯೊಂದು ಸಾಲಿಗೂ ಮುಂದಿನ ಸಾಲಿನ ವಿಳಾಸಕ್ಕೆ 2, ಸಾಲಿನ ಸಂಖ್ಯೆಗೆ 2, ಕೊನೆಯ ಗುರುತಿಗೆ 1, ಹೀಗೆ 5 ಬೈಟ್‌ಗಳ ಹೆಚ್ಚುವರಿ ವೆಚ್ಚವಿತ್ತು. ಎರಡು ಸಾಲುಗಳನ್ನು ಕೋಲನ್ ಚಿಹ್ನೆಯಿಂದ ಜೋಡಿಸಿದರೆ 4 ಬೈಟ್‌ಗಳು ಉಳಿಯುತ್ತಿದ್ದವು. ‘ಗೋಟು’ ಆದೇಶ ಬಂದಾಗ ಯಂತ್ರವು ಸಾಲುಗಳನ್ನು ಒಂದೊಂದಾಗಿ ಹುಡುಕುತ್ತಿದ್ದುದರಿಂದ ಸಾಲುಗಳು ಕಡಿಮೆಯಾದಷ್ಟೂ ವೇಗ ಹೆಚ್ಚುತ್ತಿತ್ತು. ಆದ್ದರಿಂದ ಈ ಬರವಣಿಗೆಯನ್ನು ಅಶಿಸ್ತೆಂದು ಕರೆಯುವುದು ಸರಿಯಲ್ಲ.

ಸಾಲುಗಳನ್ನು ಬಿಡಿಸುವುದು

ಕೋಲನ್ ಕಂಡಲ್ಲೆಲ್ಲ ಸಾಲನ್ನು ಮುರಿಯುವುದು ಮೇಲ್ನೋಟಕ್ಕೆ ಸರಳ ಉಪಾಯ. ಅತಿ ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ. ಕನ್ನಡ ಲಿಪಿಯಲ್ಲಿ ಬರೆದ ಈ ಸಾಲನ್ನು ಗಮನಿಸಬಹುದು:

10 ಇಫ್ಎಸ್>9ದೆನ್ಎಲ್=ಎಲ್+1:ಎಸ್=0:ಗೋಟು50

ಮೈಕ್ರೋಸಾಫ್ಟ್ ಮೂಲದ ಬೇಸಿಕ್‌ಗಳಲ್ಲಿ ‘ದೆನ್’ ನಂತರ ಅದೇ ಸಾಲಿನಲ್ಲಿರುವ ಎಲ್ಲ ಆದೇಶಗಳೂ ಷರತ್ತಿಗೆ ಒಳಪಟ್ಟಿರುತ್ತವೆ. ಇದನ್ನು ಮೂರು ಸಾಲುಗಳಾಗಿ ಮುರಿದರೆ ‘ಎಸ್=0’ ಮತ್ತು ‘ಗೋಟು50’ ಷರತ್ತಿನಿಂದ ಹೊರಬಿದ್ದು ಪ್ರತಿ ಬಾರಿಯೂ ನಡೆಯುತ್ತವೆ. ಯಂತ್ರವು ಯಾವ ದೋಷವನ್ನೂ ಸೂಚಿಸುವುದಿಲ್ಲ. ಆಟದ ಅಂಕವಷ್ಟೇ ಸದಾ ಸೊನ್ನೆಯಾಗುತ್ತದೆ. ಸರಿಯಾದ ರೂಪಕ್ಕೆ ಷರತ್ತನ್ನು ತಿರುಗಿಸಬೇಕು:

10 ಇಫ್ ಎಸ್<=9 ದೆನ್ 20
11 ಎಲ್=ಎಲ್+1
12 ಎಸ್=0
13 ಗೋಟು 50

ಇಲ್ಲಿ 20 ಎಂಬುದು ಮೂಲದಲ್ಲಿದ್ದ ಮುಂದಿನ ಸಾಲು. ಬರಿಯ ಓದಿಗಾದರೆ ಇಷ್ಟು ಶ್ರಮ ಬೇಕಿಲ್ಲ. ಸಂಖ್ಯೆಯನ್ನು ಮುಟ್ಟದೆ, ಷರತ್ತಿಗೆ ಒಳಪಟ್ಟ ಆದೇಶಗಳನ್ನು ಕೆಳಗೆ ಒಳಸರಿಸಿ ಬರೆದರೆ ಸಾಕು. ಓದುವ ಪ್ರತಿ ಮತ್ತು ಓಡುವ ಪ್ರತಿ ಬೇರೆಬೇರೆಯಾಗಿರುವುದೇ ಕ್ಷೇಮ. ಉದ್ಧರಣ ಚಿಹ್ನೆಗಳ ಒಳಗಿನ ಕೋಲನ್ ಮತ್ತು ‘ರೆಮ್’ ಟಿಪ್ಪಣಿಯೊಳಗಿನ ಕೋಲನ್ ಆದೇಶಗಳನ್ನು ಬೇರ್ಪಡಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಖಾಲಿ ಜಾಗ ಮತ್ತು ಹೆಸರುಗಳು

ಕಮೊಡೋರ್ ಬೇಸಿಕ್ ಅಕ್ಷರಗಳನ್ನು ಎಡದಿಂದ ಬಲಕ್ಕೆ ಓದುತ್ತ ಕೀಲಿಪದ ಸಿಕ್ಕಲ್ಲಿ ಕತ್ತರಿಸುತ್ತದೆ. ‘ಎಫ್’ ಎಂಬ ಚರದ ಮುಂದೆ ‘ಆರ್’ ಎಂಬ ತಾರ್ಕಿಕ ಪದವನ್ನು ಅಂತರವಿಲ್ಲದೆ ಬರೆದರೆ ಇಂಗ್ಲಿಷ್ ಕಾಗುಣಿತದಲ್ಲಿ ಅದು ‘ಫಾರ್’ ಆದೇಶವಾಗಿಬಿಡುತ್ತದೆ. ಆದ್ದರಿಂದ ಸಂಕುಚಿತ ಪಠ್ಯದಲ್ಲೂ ಉಳಿದುಕೊಂಡ ಖಾಲಿ ಜಾಗಗಳಿಗೆ ಸಾಮಾನ್ಯವಾಗಿ ಕಾರಣವಿರುತ್ತದೆ.

ಚರಗಳ ಹೆಸರಿನಲ್ಲಿ ಮೊದಲ ಎರಡು ಅಕ್ಷರಗಳನ್ನು ಮಾತ್ರ ಈ ಬೇಸಿಕ್ ಗುರುತಿಸುತ್ತದೆ. ‘ಎಸ್’ ಎಂಬುದನ್ನು ‘ಸ್ಕೋರ್’ ಎಂದು ವಿಸ್ತರಿಸಿದರೆ ಓದುಗನಿಗೆ ಹಿತ. ಆದರೆ ಆ ಇಂಗ್ಲಿಷ್ ಪದದ ನಡುವೆ ‘ಆರ್’ ಅಡಗಿರುವುದರಿಂದ ಯಂತ್ರ ಅದನ್ನು ಒಪ್ಪುವುದಿಲ್ಲ. ‘ಟೋಟಲ್’ ಪದದ ಆರಂಭವೇ ‘ಟು’ ಎಂಬ ಕೀಲಿಪದ. ಹೆಸರುಗಳನ್ನು ಹಾಗೆಯೇ ಬಿಟ್ಟು, ಪ್ರತಿಯೊಂದರ ಅರ್ಥ ತಿಳಿಸುವ ಪಟ್ಟಿಯನ್ನು ಪಕ್ಕದಲ್ಲಿ ಇಡುವುದು ಮೇಲು.

ಸಾಲುಸಂಖ್ಯೆ ಮತ್ತು ಅಡಗಿದ ಸಂಕೇತ

ಸಂಖ್ಯೆಗಳನ್ನು ಬದಲಿಸಿದರೆ ‘ಗೋಟು’, ‘ಗೋಸಬ್’ ಮತ್ತು ‘ದೆನ್’ ನಂತರದ ಗುರಿಗಳನ್ನೂ ಬದಲಿಸಬೇಕು. ಸಿಂಕ್ಲೇರ್ ಬೇಸಿಕ್‌ನಲ್ಲಿ ಗುರಿಯು ‘100*ಎಕ್ಸ್’ ಎಂಬಂಥ ಲೆಕ್ಕವೂ ಆಗಿರಬಹುದಾದ್ದರಿಂದ ಯಾಂತ್ರಿಕ ಬದಲಾವಣೆ ಅಲ್ಲಿ ವಿಫಲವಾಗುತ್ತದೆ. ಇನ್ನೂ ಅಪಾಯಕಾರಿಯಾದದ್ದು ಸಿಂಕ್ಲೇರ್ ಜ಼ಡ್ಎಕ್ಸ್81 ಪ್ರೋಗ್ರಾಂಗಳ ಮೊದಲ ‘ರೆಮ್’ ಸಾಲು. ಅರ್ಥವಿಲ್ಲದ ಅಕ್ಷರಗಳಂತೆ ಕಾಣುವ ಆ ಟಿಪ್ಪಣಿಯಲ್ಲಿ, 16514ನೇ ವಿಳಾಸದಿಂದ ಆರಂಭವಾಗುವಂತೆ, ಯಂತ್ರಭಾಷೆಯ ಸಂಕೇತವನ್ನು ಬಚ್ಚಿಡುವ ರೂಢಿಯಿತ್ತು. ಅದನ್ನು ಕಸವೆಂದು ಅಳಿಸಿದವರು ಪ್ರೋಗ್ರಾಂನ ಜೀವವನ್ನೇ ಅಳಿಸಿದಂತೆ.

ಸಾಧನಗಳು

ವೈಸ್ ಎಮ್ಯುಲೇಟರ್ ಜೊತೆಗೆ ಬರುವ ಪೆಟ್‌ಕ್ಯಾಟ್, ಕಮೊಡೋರ್ ಕಡತಗಳ ಬೈಟ್ ಸಂಕೇತಗಳನ್ನು ಪಠ್ಯವಾಗಿ ಬಿಡಿಸುತ್ತದೆ. ಉದಾಹರಣೆಗೆ 153 ‘ಪ್ರಿಂಟ್’ ಆಗುತ್ತದೆ. 1981ರ ಬಿಬಿಸಿ ಮೈಕ್ರೋದಲ್ಲಿ ಈ ಸೌಕರ್ಯ ಯಂತ್ರದೊಳಗೇ ಇತ್ತು: ‘ಲಿಸ್ಟೋ 7’ ಎಂದು ಕೊಟ್ಟರೆ ‘ಫಾರ್’ ಮತ್ತು ‘ರಿಪೀಟ್’ ಆವರ್ತನಗಳು ಒಳಸರಿದು ಕಾಣುತ್ತಿದ್ದವು, ಮೂಲ ಪ್ರೋಗ್ರಾಂ ಮಾತ್ರ ಬದಲಾಗುತ್ತಿರಲಿಲ್ಲ. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದದ್ದೂ ಇದೇ ಯಂತ್ರ.